ಅಕ್ಕನ ಪಾತ್ರ

ಸೋಮವಾರ, ಮಧ್ಯಾಹ್ನ
ಆಸ್ಪತ್ರೆಯ ನನ್ನ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

‘ನಾನಿಲ್ಲಿ ಕ್ಷೇಮ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗೀಟು ನಿನಗೆ ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಆದರೆ ಆರು ವರ್ಷದ ಮೇಲೆ ಬರೆಯುತ್ತಿರುವ ಕಾಗದದಲ್ಲಿ ಮೊದಲ ಸಾಲಿಗೇ ಸುಳ್ಳು ಬೇಡ ಅನ್ನಿಸಿತು. ಹಾಗಂತ ಗಾಬರಿಯಾಗಬೇಡ, ಕೂತುಕೊಂಡು ಓದು. ಕನ್ನಡಕ ತಲೆಯ ಮೇಲೇ ಇರುತ್ತದೆ, ಮನೆಯೆಲ್ಲ ಹುಡುಕಬೇಡ.

ನಾನು ಮಾಡುವ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಿಸಿಕೊಂಡವಳಲ್ಲ. ನನ್ನ ತಂಗಿ ರಕ್ತದ ಡಾಕ್ಟರು ಎಂದು ಎಲ್ಲರಿಗೂ ಹೇಳಿ ಮುಗಿಸುತ್ತಿದ್ದೆ. ರಕ್ತದ ಕಾಯಿಲೆಗಳ ಮೇಲೆ ಸಂಶೋಧನೆ ಮಾಡಬೇಕೆಂದು ಬರುವ ಎಳೆಯ ಡಾಕ್ಟರುಗಳಿಗೆ ನಾವು ತರಬೇತಿ ಕೊಡುತ್ತೇವೆ. ಬೆಳಿಗ್ಗೆ ವಾರ್ಡಿನಲ್ಲಿ ರೋಗಿಗಳು, ಮಧ್ಯಾಹ್ನದ ಮೇಲೆ ಪ್ರಯೋಗಾಲಯ. ಎರಡು ದೋಣಿಯ ಮೇಲೆ ಕಾಲಿಟ್ಟವರು ನೀರಿಗೆ ಬೀಳದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ನಮ್ಮ ಅಂದರೆ ಇಬ್ಬರು ಮುಖ್ಯಸ್ಥರು: ನಾನು, ಮತ್ತು ಹುಡುಗರೆಲ್ಲ ಬೆನ್ನ ಹಿಂದೆ ‘ಹೆಡ್ಮಾಸ್ತರು’ ಅನ್ನುವ ನನ್ನ ಸಹೋದ್ಯೋಗಿ. ಅವರು ಬಿಗಿ, ನಾನು ಖಾರ.

ಹೊಸಬರು ಬಂದ ಮೊದಲ ವಾರ ಒಂದು ಪರೀಕ್ಷೆ ಇಡುತ್ತೇವೆ. ಹೆಸರು ಮುಚ್ಚಿದ ಎಂಟು ಗಾಜಿನ ಪಟ್ಟಿಗಳು, ಒಂದೊಂದರ ಮೇಲೂ ಒಂದು ತೊಟ್ಟು ರಕ್ತ ಸವರಿ ಬಣ್ಣ ಹಾಕಿದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವುದರಲ್ಲಿ ಯಾವ ಕಾಯಿಲೆ ಎಂದು ಹೇಳಬೇಕು. ಏಳು ಕಾಯಿಲೆಯವರದು, ಒಂದು ಮಾತ್ರ ಆರೋಗ್ಯವಂತರದು. ಆ ಒಂದು ಪ್ರತಿ ವರ್ಷವೂ ನನ್ನದೇ. ಬೇರೆಯವರನ್ನು ಹಿಡಿದು ಚುಚ್ಚುವುದಕ್ಕಿಂತ ನನ್ನ ಬೆರಳೇ ಹತ್ತಿರ, ನೋಡು. ಈ ಆಸ್ಪತ್ರೆಯಲ್ಲಿ ಸರಿಯಾಗಿರೋದು ಮೇಡಂ ಒಬ್ಬರೇ ಎಂದು ಹೆಡ್ಮಾಸ್ತರು ವರ್ಷವರ್ಷವೂ ಅದೇ ಜೋಕು ಹೊಡೆಯುತ್ತಿದ್ದರು.

ಈ ಸಲ ಬಂದವರಲ್ಲಿ ಒಬ್ಬಳಿಗೆ ಎಲ್ಲರೂ ‘ಉಡ’ ಅನ್ನುತ್ತಾರೆ. ಪಟ್ಟು ಹಿಡಿದರೆ ಬಿಡುವವಳಲ್ಲ. ನಾಲ್ಕನೇ ಗಾಜಿನ ಮುಂದೆ ಬಹಳ ಹೊತ್ತು ಕೂತಿದ್ದಳು. ಇದು ಸರಿಯಿಲ್ಲ ಮೇಡಂ, ಬಿಳಿ ಕಣಗಳ ಬೀಜ ಕನ್ನಡಕದ ಹಾಗೆ ಎರಡೇ ಹೋಳಾಗಿದೆ, ಮಜ್ಜೆಯೇ ಕೆಟ್ಟಿರಬೇಕು ಅಂದಳು. ಅದು ಆರೋಗ್ಯವಂತರದು, ಇನ್ನೊಂದು ಸಲ ನೋಡಮ್ಮ ಎಂದು ನಕ್ಕೆ. ಅವಳು ಇನ್ನೊಂದು ಸಲ ನೋಡಿದಳು. ನೀವು ಏನೇ ಅನ್ನಿ ಮೇಡಂ, ನನಗೆ ಕಾಣೋದು ಇದೇ ಅಂದಳು. ನನ್ನ ಮುಖ ನೋಡಿ ಉತ್ತರ ಬದಲಾಯಿಸಬೇಡಿ, ನಿಮ್ಮ ಕಣ್ಣನ್ನು ನಂಬಿ ಎಂದು ಅದೇ ಬೆಳಿಗ್ಗೆ ಪಾಠ ಮಾಡಿದವಳು ನಾನೇ. ಹೆಡ್ಮಾಸ್ತರು ಬಂದು ಬಗ್ಗಿ ನೋಡಿದರು. ಸೂಕ್ಷ್ಮದರ್ಶಕದ ದೀಪ ಆರಿಸಿ, ಎಲ್ಲರೂ ಊಟಕ್ಕೆ ಹೋಗಿ ಅಂದರು. ಈ ವರ್ಷದ ಜೋಕು ಹಾಗೇ ಉಳಿಯಿತು.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದ್ದಾಯಿತು. ಉಡ ಹೇಳಿದ್ದೇ ಸರಿ. ರಕ್ತ ಹುಟ್ಟುವ ಜಾಗವೇ ಕೆಡುತ್ತಿದೆ. ಔಷಧ ಸ್ವಲ್ಪ ಕಾಲ ತಡೆಯುತ್ತದೆ. ವಾಸಿಯಾಗಬೇಕೆಂದರೆ ಬೇರೆಯವರ ಮಜ್ಜೆ ಬೇಕು. ದಾನಿಗಳೆಂದು ಹೆಸರು ಕೊಟ್ಟವರಲ್ಲೆಲ್ಲ ಹುಡುಕಿದರು, ಹೊಂದುವವರು ಸಿಗಲಿಲ್ಲ. ನನಗೆ ಮಕ್ಕಳಿಲ್ಲ. ಒಡಹುಟ್ಟಿದವಳು ನೀನೊಬ್ಬಳೇ.

ಭಯವಾಗಿದೆ ಅಕ್ಕ. ಆದರೆ ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಇಡೀ ಮಹಡಿಯಲ್ಲಿ ಈಗ ಯಾರೂ ನನ್ನ ಜೊತೆ ಜಗಳ ಆಡುವುದಿಲ್ಲ. ಮೊದಲೆಲ್ಲ ತರಬೇತಿಗೆ ನಾನು ಆರಿಸಿದ ಅಭ್ಯರ್ಥಿ ಬೇಡವೇ ಬೇಡ ಎಂದು ಹೆಡ್ಮಾಸ್ತರು ಮೇಜು ಗುದ್ದುತ್ತಿದ್ದರು. ಮೊನ್ನೆ ಬೇಕೆಂದೇ ಒಬ್ಬ ಶುದ್ಧ ದಡ್ಡನ ಹೆಸರು ಮುಂದಿಟ್ಟೆ. ನಿಮಗೆ ಹೇಗೆ ತೋಚುತ್ತೋ ಹಾಗೇ ಮಾಡೋಣ ಮೇಡಂ ಅಂದುಬಿಟ್ಟರು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಾನು ಹೋದ ಕಡೆ ಹುಡುಗರು ನಗು ನಿಲ್ಲಿಸುತ್ತಾರೆ. ಉಡ ನನ್ನನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯುತ್ತಾಳೆ, ತಾನೇ ಕಾಯಿಲೆ ತಂದಿಟ್ಟವಳ ಹಾಗೆ. ಮನೆಯಲ್ಲಂತೂ ಸದ್ದು ಮಾಡುವುದು ನೀರು ಕಾಯಿಸುವ ಪಾತ್ರೆಯೊಂದೇ.

ಈಗ ಒಂದು ನಗುವ ವಿಷಯ. ಮಜ್ಜೆ ಕೊಡುತ್ತೀರಾ ಎಂದು ರೋಗಿಯ ಒಡಹುಟ್ಟಿದವರನ್ನು ಕೇಳುವುದು ಹೇಗೆ ಎಂದು ಹುಡುಗರಿಗೆ ನಾಟಕ ಆಡಿಸಿ ಕಲಿಸುತ್ತೇವೆ. ಒಲ್ಲೆ ಅನ್ನುವ ಅಕ್ಕನ ಪಾತ್ರ ಪ್ರತಿ ವರ್ಷ ನನ್ನದು. ಕನ್ನಡಕ ತಲೆಯ ಮೇಲಕ್ಕೆ ಏರಿಸಿ, ಕೈಕಟ್ಟಿ ಕೂತು, ಅವಳಿಗೆ ಬೇಕಾದಾಗ ಮಾತ್ರ ನಾನು ನೆನಪಾಗ್ತೀನಿ ಅನ್ನುತ್ತೇನೆ. ಹುಡುಗರು ನಗುತ್ತಲೇ ಬೆವರುತ್ತಾರೆ. ಅದು ಯಾರ ನಕಲು ಎಂದು ಯಾರಿಗೂ ಹೇಳಿಲ್ಲ. ವರ್ಷಕ್ಕೊಂದು ದಿನ ನಿನ್ನ ಹಾಗೆ ಮಾತಾಡಿ ಬಂದರೆ ಒಂದು ವಾರ ನನಗೆ ಹಿತವಾಗಿರುತ್ತಿತ್ತು.

ಆ ನಾಟಕಕ್ಕೂ ನಿಜವಾದ ರೋಗಿಗಳಿಗೂ ಒಂದೇ ನಿಯಮಗಳು, ಹೆಡ್ಮಾಸ್ತರು, ನಾನು ಸೇರಿ ಮಾಡಿದ್ದು. ರೋಗಿ ತಾನೇ ಕೇಳಬಾರದು. ಬೇರೆ ಡಾಕ್ಟರು ಕೇಳಬೇಕು, ಪಕ್ಕದಲ್ಲಿ ಯಾರೂ ಇಲ್ಲದಾಗ. ಒಲ್ಲೆ ಅಂದರೆ ಆ ಮಾತು ಕೋಣೆಯ ಬಾಗಿಲು ದಾಟಬಾರದು. ರೋಗಿಗೆ ಹೇಳುವುದು ಇಷ್ಟೇ: ‘ಇವರಿಂದ ಆಗುವುದಿಲ್ಲ.’ ಮಜ್ಜೆ ಹೊಂದದಿದ್ದರೂ ಅದೇ, ಮನಸ್ಸು ಒಪ್ಪದಿದ್ದರೂ ಅದೇ. ಆ ಮಾತು ಹೊಂದಿಸಿದವಳು ನಾನು. ಎಂಥ ಜಾಣೆ ಎಂದು ಆಗ ಬೀಗಿದ್ದೆ. ಹಾಸಿಗೆಯ ಮೇಲೆ ಮಲಗಿದವಳ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಯೋಚಿಸಿರಲಿಲ್ಲ. ಹೆಡ್ಮಾಸ್ತರು ನಿನಗೆ ಫೋನ್ ಮಾಡುತ್ತಾರೆ. ನೀನು ಬೇಡ ಅಂದರೆ ನನಗೆ ತಿಳಿಯುವುದಿಲ್ಲ. ಬ್ರಹ್ಮ ಬಂದರೂ ಅವರ ಬಾಯಿ ಬಿಡಿಸಲಾರ. ನಾನಂತೂ ಈ ಕಾಗದದಲ್ಲಿ ಏನನ್ನೂ ಕೇಳುತ್ತಿಲ್ಲ.

ಇನ್ನು ಅಮ್ಮನ ಹೊಲಿಗೆ ಯಂತ್ರ. ಅಮ್ಮ ಹೋದ ಮೇಲೆ ನೀನು ಅದನ್ನು ಹೊತ್ತುಕೊಂಡು ಹೋದೆ. ಅದು ನನಗೆ ಬೇಕಿತ್ತು ಎಂದು ನಾನು ರಂಪ ಮಾಡಿದೆ. ಒಂದು ಗುಂಡಿ ಹೊಲಿಯಲು ಬಾರದವಳಿಗೆ ಯಂತ್ರ ಯಾಕೆ ಎಂದು ನೀನು ಕೇಳಿದೆ. ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಯಂತ್ರ ನೀನೇ ಇಟ್ಟುಕೋ ಎಂದು ಈಗ ಬರೆಯಹೊರಟಿದ್ದೆ, ತಡೆದೆ. ಈ ಹೊತ್ತಿನಲ್ಲಿ ಹಾಗೆ ಬರೆದರೆ ಅದು ಲಂಚ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಯಂತ್ರ ನನ್ನದು, ನಾನು ಬಿಟ್ಟುಕೊಟ್ಟಿಲ್ಲ. ನಿನ್ನ ಸಿಟ್ಟು ಪೂರ್ತಿ ನಿನ್ನ ಹತ್ತಿರವೇ ಇರಲಿ.

ಮಂಡಿ ನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ.: ಮಡಿಸುವ ಮುಂಚೆ ಓದಿ ನೋಡಿದೆ. ಏನೂ ಕೇಳುತ್ತಿಲ್ಲ ಎಂದು ಇಷ್ಟುದ್ದ ಬರೆಯುವುದೂ ಕೇಳಿದ ಹಾಗೇ ಅಲ್ಲವೇ? ಅದಕ್ಕೇ ಇದನ್ನು ಅಂಚೆಗೆ ಹಾಕದೆ ಹೆಡ್ಮಾಸ್ತರ ಕೈಗೆ ಕೊಡುತ್ತಿದ್ದೇನೆ. ನೀನು ಹೂಂ ಅನ್ನು, ಉಹೂಂ ಅನ್ನು, ಅದೆಲ್ಲ ತೀರ್ಮಾನವಾಗಿ ಮುಗಿದ ಮೇಲೇ ಕಳಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದಾರೆ. ಅಂದರೆ ನೀನಿದನ್ನು ಓದುವಾಗ ಆಗಬೇಕಾದ್ದು ಆಗಿಹೋಗಿದೆ. ‘ಇವರಿಂದ ಆಗುವುದಿಲ್ಲ’ ಎಂದು ನನಗೆ ಹೇಳಿಯಾಗಿದ್ದರೆ ಯಾಕೆ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಆದರೆ ಯಂತ್ರ ಕೊಡುವುದಿಲ್ಲ ಎಂದು ಒಂದು ಸಾಲು ಬರೆದು ಹಾಕು ಅಕ್ಕ. ಚೆನ್ನಾಗಿ ಬೈದು ಬರಿ.