ಈಶಾನ್ಯ ಮೂಲೆಯ ಸಂಪು

19 ಜನವರಿ 2025, ಭಾನುವಾರ

ಇವತ್ತೂ ಸೈಟು ನೋಡುವ ಕೆಲಸ. ಇದು ನಾಲ್ಕನೆಯದು. ಊರ್ಡಿಗೆರೆಯದಕ್ಕೆ ರಸ್ತೆ ಇಲ್ಲ. ಗುಬ್ಬಿಯದಕ್ಕೆ ಅಣ್ಣತಮ್ಮಂದಿರ ಕೇಸು. ನಿಟ್ಟೂರಿನದು ಸುಧಾಗೆ ಇಷ್ಟವಾಗಲಿಲ್ಲ. ಇದು ಹೆಬ್ಬೂರಿನ ಅಂಚು, ಹೋದ ವರ್ಷದವರೆಗೆ ರಾಗಿ ಹೊಲ. ಮೂವತ್ತು-ನಲವತ್ತು.

ಚೀಟಿ ತೆಗೆದೆ. ಕನ್ವರ್ಷನ್ ಆಗಿದೆಯಾ? ಋಣಭಾರದ ಇಸಿ ಸರಿಯಿದೆಯಾ? ಹೆಣ್ಣುಮಕ್ಕಳ ಸಹಿ? ನೀರು? ಬಾಡಿಗೆಗೆ ಜನ ಸಿಗುತ್ತಾರಾ? ಒಟ್ಟು ಹನ್ನೊಂದು ಪ್ರಶ್ನೆ. ಹನ್ನೊಂದಕ್ಕೂ ಟಿಕ್. ಗಣಿತದ ಮೇಷ್ಟರಲ್ಲವೇ ನಾನು. "ನನ್ನ ನೋಡಕ್ಕೆ ಬಂದಾಗ್ಲೂ ಚೀಟಿ ತಂದಿದ್ರೇನ್ರೀ?" ಅಂದಳು ಸುಧಾ.

ಈಶಾನ್ಯ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಒಂದು ಕಲ್ಲು. ಮೊಣಕಾಲೆತ್ತರ. ಮೇಲೆ ಕುಂಕುಮ, ಬಾಡಿದ ಕನಕಾಂಬರ.

"ಗಡಿ ಕಲ್ಲು ಸಾರ್, ತಲೆ ಕೆಡಿಸ್ಕೋಬೇಡಿ" ಅಂದ ಬ್ರೋಕರ್ ಸಂತೋಷ್.

ಗಡಿ ಕಲ್ಲಿಗೆ ಹೂ ಮುಡಿಸುವವರು ಯಾರು? ಕೇಳಬೇಕೆಂದು ಬಾಯಿಗೆ ಬಂತು. ಕೇಳಲಿಲ್ಲ. ಸೈಟು ಕೈತಪ್ಪುವುದು ಬೇಡವಾಗಿತ್ತು.

7 ಫೆಬ್ರವರಿ, ಶುಕ್ರವಾರ

ರಿಜಿಸ್ಟ್ರೇಷನ್ ಆಯಿತು. ಸರ್ವರ್ ಡೌನ್, ಮೂರು ಗಂಟೆಯವರೆಗೆ ಬೆಂಚು ಕಾದದ್ದು. ಹೊಲದ ಯಜಮಾನ ಪುಟ್ಟರಂಗಯ್ಯ ಪಕ್ಕದಲ್ಲೇ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಮಾತು ಕಡಿಮೆ. ನಮ್ಮ ಸರದಿ ಕೂಗಿದಾಗ ನನ್ನ ತೋಳು ಹಿಡಿದರು.

"ಸಾ, ಆ ಮೂಲೆಗೆ ವರ್ಸಕ್ಕೊಂದ್ ಸಲ ನಾವು ಬಂದು ಹೋಗ್ಬೋದಾ?"

"ಅಯ್ಯೋ ಬನ್ನಿ, ಅದಕ್ಕೇನಂತೆ" ಅಂದೆ. ಹೆಬ್ಬೆಟ್ಟು ಒತ್ತಿಸಲು ಒಳಗೆ ಕರೆಯುತ್ತಿದ್ದರು. ಯಾಕೆ ಬರುತ್ತೀರಿ ಅಂತ ಕೇಳಲಿಲ್ಲ. ಎರಡನೇ ಸಲ.

16 ಮಾರ್ಚ್, ಭಾನುವಾರ

ಖಾಲಿ ಬಿಟ್ಟು ಬೆಲೆ ಏರಲಿ ಎಂದು ಕಾಯುವುದೋ, ಕಟ್ಟಿ ಬಾಡಿಗೆಗೆ ಕೊಡುವುದೋ — ತಿಂಗಳಿಂದ ಇದೇ ತಲೆನೋವು. ಕೊನೆಗೆ ಎರಡು ಪುಟ್ಟ ಮನೆ ಅಂತ ತೀರ್ಮಾನ. ಕಂಟ್ರಾಕ್ಟರ್ ಅಂಜನ್‌ಕುಮಾರ್ ನಕ್ಷೆ ತಂದ. ವಾಸ್ತು ಪ್ರಕಾರ ನೀರು ಈಶಾನ್ಯದಲ್ಲೇ ಇರಬೇಕು. ಅಂದರೆ ಸಂಪು ಆ ಮೂಲೆಗೆ.

"ಕಲ್ಲು?" ಅಂದೆ.

"ಜೆಸಿಬಿಗೆ ಕಲ್ಲೇನ್ ಸಾರ್, ಮಣ್ಣೇನ್ ಸಾರ್."

9 ಏಪ್ರಿಲ್, ಬುಧವಾರ. ಸಂಜೆ

ಹತ್ತನೇ ಕ್ಲಾಸಿನ ಪೇಪರ್ ತಿದ್ದುತ್ತಿದ್ದೆ. ಹನ್ನೊಂದೂವರೆಗೆ ಅಂಜನ್ ಫೋನ್. "ಸಾರ್, ಮೂಲೇಲಿ ಏನೋ ಸಿಕ್ತು... ಸಣ್ಣ ಮೂಳೆ... ಮಗೂದು ಅನ್ಸುತ್ತೆ. ನಿಲ್ಸ್ಲಾ?"

ಸುತ್ತ ಇಪ್ಪತ್ತು ಜನ ಮೇಷ್ಟರು. ದನಿ ತಗ್ಗಿಸಿ ಅಂದೆ — "ಮಣ್ಣಿನ ಜೊತೆ ಕಳಿಸಿಬಿಡು."

ಹಾಗೆ ಅಂದವನು ನಾನೇ. ಬೇರೆ ಯಾರೂ ಅಲ್ಲ. ಬರೆದಿಡುತ್ತಿದ್ದೇನೆ.

ಸಂಜೆ ಅಂಜನ್ ಮನೆಗೆ ಬಂದು ಕಾಗದದ ಪೊಟ್ಟಣ ಕೊಟ್ಟ. ಪುಟ್ಟ ಬೆಳ್ಳಿ ಕಡಗ. ಕಪ್ಪಾಗಿದೆ. ನನ್ನ ಮೂರು ಬೆರಳು ಸೇರಿಸಿದರೆ ತೂರುವುದಿಲ್ಲ.

12 ಏಪ್ರಿಲ್

ಮಣ್ಣು ಎಲ್ಲಿಗೆ ಹೋಯಿತೆಂದು ಟ್ರ್ಯಾಕ್ಟರಿನವನನ್ನು ಕೇಳಿದೆ. ಯಾವುದೋ ಲೇಔಟಿನ ರಸ್ತೆಗಂತೆ. ಆ ದಿನ ಮೂರು ಕಡೆ ಸುರಿದನಂತೆ, ಯಾವುದು ಎಲ್ಲಿಯದೆಂದು ನೆನಪಿಲ್ಲವಂತೆ. ಮೇಲೆ ರೋಲರ್ ಓಡಿಸಿಯೂ ಆಗಿದೆ.

21 ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ

ಬಣ್ಣ ಬಳಿಸುತ್ತಿದ್ದೆ. ಪುಟ್ಟರಂಗಯ್ಯ ಬಂದರು, ಜೊತೆಗೆ ಅವರ ಹೆಂಡತಿ ಓಬಳಮ್ಮ. ಬುಟ್ಟಿಯಲ್ಲಿ ಎಡೆ. ಹಾಲು, ಕಜ್ಜಾಯ, ಬಾಳೆಹಣ್ಣು. ಮೂರು ವರ್ಷದ ಮಗುವಿನ ಅಳತೆಯ ಹೊಸ ಫ್ರಾಕು, ಗುಲಾಬಿ ಬಣ್ಣದ್ದು.

"ನಮ್ ಸುಶ್ಮಿತಾ ಸಾ" ಅಂದರು ಓಬಳಮ್ಮ. "ಕಫ ಕಟ್ಕೊಂಡು ಹೋಗ್ಬುಟ್ಳು. ಇಪ್ಪತ್ತೇಳು ವರ್ಸ ಆಯ್ತು. ಕಲ್ಲೆಲ್ಲಿ ಸಾ?"

"ಕಲ್ಲು ತೆಗೆದಿದ್ದೀವಿ ಅಮ್ಮ. ಕೆಳಗೆ... ಕೆಳಗೆ ಏನೂ ಮುಟ್ಟಿಲ್ಲ."

ಎಷ್ಟು ಸಲೀಸಾಗಿ ಬಂತು ಸುಳ್ಳು. ಆಕೆ ಸಂಪಿನ ಮುಚ್ಚಳದ ಮೇಲೆ ಎಲೆ ಹಾಸಿ ಎಡೆ ಇಟ್ಟರು. ಫ್ರಾಕಿನ ಮಡಿಕೆ ಬಿಡಿಸಿದರು. ಆಮೇಲೆ ಮುಚ್ಚಳಕ್ಕೆ ಅಂಗೈ ಒತ್ತಿ ಕೇಳಿದರು —

"ಇಲ್ಲಿ ನೀರು ತುಂಬುಸ್ತೀರಾ ಸಾ? ತೇವ ಆಗಕ್ಕಿಲ್ವಾ? ಮೊದ್ಲೇ ಸೀತದ ಮಗ ಅದು."

ಪುಟ್ಟರಂಗಯ್ಯ ಅಷ್ಟು ಹೊತ್ತೂ ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಒಂದು ಸಲವೂ ಇತ್ತ ತಿರುಗಲಿಲ್ಲ.

9 ನವೆಂಬರ್, ಭಾನುವಾರ

ಎರಡರಲ್ಲಿ ಮುಂದಿನ ಮನೆಗೆ ಬಾಡಿಗೆಯವರು ಬಂದು ಎರಡು ವಾರ. ತನುಶ್ರೀ, ನರ್ಸು. ಗಂಡ ಫ್ಯಾಕ್ಟರಿಯಲ್ಲಿ. ಒಳ್ಳೆಯ ಜನ. ಹೋದಾಗ ಲೋಟದಲ್ಲಿ ನೀರು ಕೊಟ್ಟಳು. ಹಿಡಿದುಕೊಂಡು ಕೂತೆ. ತುಟಿಯವರೆಗೆ ತಂದೆ. ಆಗಲಿಲ್ಲ.

"ಯಾಕೆ ಸಾರ್? ನಿಮ್ಮ ಸಂಪಿನ ನೀರು ತುಂಬಾ ಚೆನ್ನಾಗಿದೆ."

ಲೋಟ ಹಿಡಿದೇ ಬಾಗಿಲು ದಾಟಿ ಗಿಡಕ್ಕೆ ಸುರಿದೆ. ಆ ಗಿಡದ ಕಡೆಗೂ ನೋಡಲಾಗಲಿಲ್ಲ.

14 ಡಿಸೆಂಬರ್

ತನುಶ್ರೀ ಫೋನ್. "ಸಾರ್, ಯಾರೋ ಅಜ್ಜಿ ದಿನಾ ಸಂಜೆ ಬಂದು ಸಂಪಿನ ಮೇಲೆ ಕಂಬಳಿ ಹೊದಿಸಿ ಹೋಗ್ತಾರೆ. ಬೆಳಿಗ್ಗೆ ಬಂದು ಮಡಚಿ ತಗೊಂಡು ಹೋಗ್ತಾರೆ. ಕೇಳಿದ್ರೆ, ಚಳಿ ಜಾಸ್ತಿ ಆಯ್ತಲ್ಲವ್ವಾ ಅಂತಾರೆ. ಯಾರ್ಗೆ ಚಳಿ ಸಾರ್?"

ನೋಡುತ್ತೇನಮ್ಮ ಅಂದೆ. ನನಗೆ ಭಯವಾಗುತ್ತಿದೆ. ದೆವ್ವದ ಭಯವಲ್ಲ. ಅಲ್ಲಿ ಯಾರೂ ಇಲ್ಲ, ಅದು ನನಗೂ ಅಂಜನ್‌ಗೂ ಮಾತ್ರ ಗೊತ್ತು — ಆ ಭಯ.

20 ಡಿಸೆಂಬರ್, ಶನಿವಾರ

ಮಾರಿಬಿಡೋಣ ಅಂದುಕೊಂಡೆ. ಸಂಜೆ ಕುಣಿಗಲ್‌ನಿಂದ ಒಬ್ಬರು ನೋಡಲು ಬಂದರು. ಅವರ ಕೈಯಲ್ಲೂ ಚೀಟಿ. ಖಾತೆ, ನೀರು, ಬಾಡಿಗೆ... ಎಲ್ಲಕ್ಕೂ ಉತ್ತರ ಕೊಟ್ಟೆ. ಕಡೆಗೆ ಮೂಲೆಯ ಕಂಬಳಿ ತೋರಿಸಿ, "ಇದೇನು?" ಅಂದರು.

ನಾನು ಕೇಳದಿದ್ದದ್ದನ್ನು ಆತ ಕೇಳಿದರು. "ಕೊಡೋದಿಲ್ಲ, ಮನಸ್ಸು ಬದಲಾಯಿತು" ಅಂದುಬಿಟ್ಟೆ. ಸುಧಾ ಸಿಟ್ಟಾಗಿದ್ದಾಳೆ. ಅವಳಿಗೂ ಇನ್ನೂ ಹೇಳಿಲ್ಲ.

2 ಜನವರಿ 2026

ನಾಳೆ ಹೋಗಿ ನಿಜ ಹೇಳುತ್ತೇನೆ. ಕಡಗ ಕೊಟ್ಟುಬಿಡುತ್ತೇನೆ. ಬೈಯಲಿ, ಹೊಡೆಯಲಿ.

3 ಜನವರಿ, ಶನಿವಾರ. ಸಂಜೆ

ಹೋಗಿದ್ದೆ. ಓಬಳಮ್ಮನಿಗೆ ಮಂಡಿ ಊದಿದೆ, ಎದ್ದು ನಡೆಯಲಾಗುತ್ತಿಲ್ಲ. ಎರಡು ದಿನದಿಂದ ಕಂಬಳಿ ಹೊದಿಸಿಲ್ಲವಂತೆ. ಕೂತಲ್ಲಿಂದಲೇ ಕೇಳಿದರು —

"ಮಗ ಹೆಂಗವ್ಳೆ ಸಾ?"

ಕಡಗ ಜೇಬಿನಲ್ಲಿ, ಮುಷ್ಟಿಯೊಳಗೆ. "ಬೆಚ್ಚಗಿದ್ದಾಳೆ ಅಮ್ಮ" ಅಂದೆ.

ಪುಟ್ಟರಂಗಯ್ಯ ಗೇಟಿನವರೆಗೆ ಬಂದರು. "ಜೆಸಿಬಿ ಬಂದ ದಿವ್ಸ ನಾನು ಬೇಲಿ ತಾವೇ ನಿಂತಿದ್ದೆ ಸಾ. ಎಲ್ಲಾ ನೋಡ್ದೆ. ಮಾರ್ದೋನು ನಾನು, ಯಾವ್ ಬಾಯಲ್ಲಿ ಬ್ಯಾಡ ಅನ್ಲಿ? ಅವ್ಳಿಗ್ ಮಾತ್ರ ಹೇಳ್ಬ್ಯಾಡಿ." ಅಷ್ಟು ಹೇಳಿ ಒಳಗೆ ಹೋಗಿ ಕಂಬಳಿ ತಂದು ನನ್ನ ಕೈಗೆ ಕೊಟ್ಟರು. ಸಂಜೆ ಹೊದಿಸಬೇಕಂತೆ, ಬೆಳಿಗ್ಗೆ ತೆಗೆಯಬೇಕಂತೆ. ಶಿವರಾತ್ರಿವರೆಗೆ. ಹೂಂ ಅಂದೆ.

ಈಗ ಸೈಟಿನ ಮುಂದೆ, ಸ್ಕೂಟರಿನ ಮೇಲೆ ಕೂತು ಬರೆಯುತ್ತಿದ್ದೇನೆ. ಆರೂಮುಕ್ಕಾಲು. ಚಳಿ ಶುರುವಾಗಿದೆ. ತನುಶ್ರೀ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಕಂಬಳಿ ಯಾರಿಗೆ ಸಾರ್ ಅಂತ ಕೇಳಿದರೆ...