ಫೋಟೋದಲ್ಲಿದ್ದ ತಂಗಿಗೆ

ಸಾಕಮ್ಮ,

ಹನ್ನೆರಡು ವರ್ಷದಿಂದ ನಮಗೆ ಮಾತಿಲ್ಲ. ಈ ಕಾಗದವನ್ನೂ ನಿನ್ನ ಕುಂದೂರಿಗೆ ಕಳಿಸುವುದಿಲ್ಲ. ಇವತ್ತು ಪೊಲೀಸಿನವನೊಬ್ಬ ಬಂದಿದ್ದ. ಹಾಸನದಲ್ಲಿ ಆಳುವ ಪಕ್ಷದ ಸಮಾವೇಶದ ಎದುರು ಆನೆ ಕಾಟದ ಬಗ್ಗೆ ಧಿಕ್ಕಾರ ಕೂಗಿದವರ ಫೋಟೋ ತೆಗೆದಿದ್ದಾರೆ. ಹೆಸರು ಗೊತ್ತಾದವರ ಮೇಲೆ ಕೇಸಂತೆ. ಅವನು ತೋರಿಸಿದ ಫೋಟೋದ ಮುಂದಿನ ಸಾಲಿನಲ್ಲೇ ನೀನಿದ್ದೆ.

“ಇವ್ರ್ಯಾರಜ್ಜಿ?”

“ಗೊತ್ತಿಲ್ಲ ಕಣಪ್ಪ.”

“ಮೂಗು ನಿಮ್ಮಂಗೇ ಐತಲ್ಲ.”

“ಕಂಡೋರ ಮನೇಗೆಲ್ಲ ತೂರ್ಸೋ ನಿನ್ ಮೂಗು ನೋಡ್ಕೊ, ಹೋಗು.”

ನಗುತ್ತಾ ಹೋದ. ನೀನು ಯಾರೋ ಗೊತ್ತಿಲ್ಲವೆಂದು ಊರವರ ಮುಂದೆ ಎಷ್ಟೋ ಸಲ ಅಂದವಳು ನಾನು, ಬಾಯಿ ತಡವರಿಸಲಿಲ್ಲ.

ಫೋಟೋದಲ್ಲಿ ನಿನ್ನ ಕೈಯಲ್ಲಿ ಊರುಗೋಲಿತ್ತು. ಯಾವಾಗಿನಿಂದ, ಯಾವ ಕಾಲು ನೋವು ಅಂತ ಅವನನ್ನು ಕೇಳುವ ಹಾಗಿರಲಿಲ್ಲ.

ನಿನ್ನ ಅಕ್ಕ