ಲವಂಗದ ವಾಸನೆಯ ಟರ್ಬೊ

ಮನೆ, ಕಾರು ಶೆಡ್ಡಿನ ಮೇಲಿನ ಕೋಣೆ
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಸಿಡಿಲಮರಿಗೆ, ಅಪ್ಪನ ಗಟ್ಟಿದನಿಯ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಇಳಿದವೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ಯಂತ್ರಗಳಿಗೆ ಎಣ್ಣೆ ಉಣಿಸುವುದರಲ್ಲಿ ನಿನ್ನ ಊಟವನ್ನೇ ಮರೆಯುತ್ತೀಯೋ? ಹೋದ ವರ್ಷ ಹಡಗಿನ ಏಣಿ ಜಾರಿ ಮುರಿದುಕೊಂಡೆಯಲ್ಲ, ಎಡಭುಜದ ಮೂಳೆ, ಅದು ಚಳಿಗೆ ನೋಯುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಬೆರಳಿಗೆ ದಾರ ಕಟ್ಟಿ ನೆನಪಿಟ್ಟುಕೋ. ಮುಂದೆ ಅದರ ಬಾಗಿಲಿಗೆ ಮತ್ತೆ ಬರುವವನಿದ್ದೇನೆ. ನಾನು ಕ್ಷೇಮ. ನನ್ನ ಗಂಟಲು ಈಗಲೂ ಕೊನೆಯ ಸಾಲಿನ ಕುರ್ಚಿಯವರೆಗೆ ಮುಟ್ಟುತ್ತದೆ. ಪಕ್ಕದ ಮನೆಯವರು ಅದನ್ನು ದೂರಿನ ರೂಪದಲ್ಲಿ ಒಪ್ಪಿಕೊಂಡಿದ್ದಾರೆ. ಅಮ್ಮನೂ ಕ್ಷೇಮ. ಅವಳ ಬಲಗಾಲು, ಅದೇ ಮೆಟ್ಟಿಲು ಜಾರಿ ಮುರಿದದ್ದು, ಮೋಡ ಕವಿದರೆ ಸಾಕು, ಮಳೆಗಿಂತ ಮೊದಲೇ ಸುದ್ದಿ ಹೇಳುತ್ತದೆ.

ಫೋನಿನಲ್ಲಿ ಹೇಳುವುದನ್ನು ಕಾಗದದಲ್ಲಿ ಯಾಕೆ ಬರೆಯುತ್ತಿದ್ದಾನೆ ಈ ಮುದುಕ ಎಂದು ಹುಬ್ಬೇರಿಸಬೇಡ. ನೀನು ಫೋನ್ ಮಾಡಿದ ಕೂಡಲೇ ನಿನ್ನ ಗಂಡ ಸ್ಪೀಕರ್ ಒತ್ತುತ್ತಾನೆ. ಗುಟ್ಟು ಹೇಳುವವನು ಸ್ಪೀಕರಿನ ಎದುರು ಏನು ಹೇಳಲಿ? ಈ ಮನೆಯಲ್ಲಿ ಒಂದು ಸಂಚು ನಡೆದಿದೆ ಮಗಳೇ! ಇಪ್ಪತ್ತೆರಡು ವರ್ಷ ರಂಗದ ಮೇಲೆ ಸಂಚು ಹೂಡಿದವನು ನಾನು. ಮೊದಲು ಸೇನಾಪತಿಯಾಗಿ, ಆಮೇಲೆ ಖಳನಾಗಿ, ವಿಷದ ಬಟ್ಟಲು ಹಿಡಿದು ನಕ್ಕವನು. ಸಂಚಿನ ವಾಸನೆ ನನ್ನ ಮೂಗಿಗೆ ತಿಳಿಯದೆ ಇನ್ನಾರ ಮೂಗಿಗೆ ತಿಳಿದೀತು? ಈ ಬಾರಿಯಂತೂ ನಿಜಕ್ಕೂ ವಾಸನೆಯೇ ಬಂತು. ಕೇಳು.

ನೀನು ಹಡಗು ಹತ್ತುವ ಮುಂಚೆ ಒಂದು ಚೀಟಿ ಬರೆದಿಟ್ಟು ಹೋದೆ. ನಿನ್ನ ಆ ಬೂದು ಸೆಡಾನಿಗೆ ದೊಡ್ಡ ಟರ್ಬೊ ಕೂರಿಸಬೇಕು, ನೀನು ಬಂದ ಮರುವಾರವೇ ಟ್ರ್ಯಾಕಿನ ಸ್ಪರ್ಧೆ, ಅಷ್ಟರೊಳಗೆ ಕೆಲಸ ಮುಗಿದಿರಬೇಕು ಎಂದು. ಚೀಟಿಯ ಕೊನೆಗೆ ಆ ಟರ್ಬೊದ ಅಂಕಿ, ದೊಡ್ಡದು ಎಂಬ ಪದಕ್ಕೆ ಎರಡು ಗೆರೆ. ನಾನೂ ಅಳಿಯನೂ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಹಳೆಯ ಬಟ್ಟೆ ಹಾಸಿ ಎರಡು ಟರ್ಬೊಗಳನ್ನು ಮೇಜಿನ ಮೇಲೆ ಇಟ್ಟ. ಹೊರಗಿನ ಕವಚ ನೋಡಿದರೆ ಎರಡೂ ಅವಳಿ ಮಕ್ಕಳು, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿವೆ. ಒಳಗಿನ ಚಕ್ರ ಮಾತ್ರ ಬೇರೆ. ಒಂದರ ಬಾಯಿ ದೊಡ್ಡದು, ಇನ್ನೊಂದರದು ಚಿಕ್ಕದು. ಯಾವುದು ಯಾವುದೆಂದು ಹೇಳಲು ಕವಚದ ಮೇಲೊಂದು ಅಂಕಿ ಕೊರೆದ ತಗಡಿನ ಬಿಲ್ಲೆ. ನಾನು ತಮಾಷೆಗೆ ನನ್ನ ನಶ್ಯದ ಡಬ್ಬಿಯನ್ನು ದೊಡ್ಡದರ ಬಾಯಿಗೆ ಹಿಡಿದೆ. ಸರಕ್ಕನೆ ಒಳಗೆ ಇಳಿಯಿತು. ಮೇಸ್ತ್ರಿ ಹೌಹಾರಿ, "ಅಯ್ಯೋ ಯಜಮಾನ್ರೇ, ಒಳಗೆ ಒಂದು ಚಿಟಿಕೆ ಪುಡಿ ಬಿದ್ರೂ ರೆಕ್ಕೆ ಹಾಳು! ನಿಮ್ಮ ಸೀನು ಎಂಜಿನ್‌ಗೆ ಬರೋದು ಬೇಡ" ಎಂದು ಡಬ್ಬಿಯನ್ನು ಕಿತ್ತುಕೊಂಡ.

ಟರ್ಬೊ ಅಂದರೆ ಏನಯ್ಯಾ ಎಂದು ಕೇಳಿದೆ. ನೀನು ಎಷ್ಟೋ ಸಲ ಹೇಳಿದ್ದೀಯ, ನಾನು ಎಷ್ಟೋ ಸಲ ತಲೆಯಾಡಿಸಿದ್ದೇನೆ, ತಿಳಿದದ್ದು ಆವತ್ತೇ. ಎಂಜಿನ್ ಉಗುಳುವ ಹೊಗೆಯಲ್ಲೇ ತಿರುಗುವ ಚಕ್ರವಂತೆ, ಅದು ತಿರುಗಿ ಎಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದಂತೆ. "ದೊಡ್ಡದು ಸೋಮಾರಿ ಪೈಲ್ವಾನ್ ಇದ್ದಂಗೆ ಸಾರ್. ಏಳೋದು ತಡ. ಎದ್ದ ಮೇಲೆ ಯಾರ ಮಾತೂ ಕೇಳಲ್ಲ. ಚಿಕ್ಕದು ಕರೆದ ತಕ್ಷಣ ಬರುತ್ತೆ, ಆದ್ರೆ ಕೊನೇಲಿ ಉಸಿರು ಸಾಲಲ್ಲ" ಎಂದ ಮೇಸ್ತ್ರಿ. ನಿನ್ನ ಗಂಡ ತಕ್ಷಣ ಚಿಕ್ಕದರ ಪರ ನಿಂತ. ಅರ್ಧ ಗಂಟೆ ವಾದ ಮಾಡಿದ. ನಾನು ನಿನ್ನ ಚೀಟಿಯನ್ನು ರಾಜಶಾಸನದ ಹಾಗೆ ಎತ್ತಿ ಹಿಡಿದು, ಎರಡು ಗೆರೆ ತೋರಿಸಿ, ದೊಡ್ಡದೇ ಆಗಬೇಕು ಎಂದು ಗುಡುಗಿದೆ. ಆಗ ಅವನು, "ಆಯ್ತು ಮಾವ, ದೊಡ್ಡದೇ ಇರಲಿ" ಎಂದುಬಿಟ್ಟ.

ಅಲ್ಲಿಯೇ ನನ್ನ ಎದೆಯಲ್ಲಿ ಗಂಟೆ ಬಾರಿಸಿದ್ದು! ನಿನ್ನ ಗಂಡ ಹಲ್ಲಿನ ಡಾಕ್ಟರು. ಅಲ್ಲಾಡುವ ಹಲ್ಲನ್ನೂ ಅಷ್ಟು ಸುಲಭವಾಗಿ ಬಿಟ್ಟುಕೊಡುವ ಜಾತಿಯಲ್ಲ. ಅಂಥವನು ಒಂದೇ ಮಾತಿಗೆ ಸೋತನೆಂದರೆ ಅದು ಸೋಲಲ್ಲ, ನಟನೆ. ಅಂದಿನಿಂದ ಅವನ ಮೇಲೆ ಕಣ್ಣಿಟ್ಟೆ. ಎರಡು ಗುರುವಾರ, ಊಟದ ಬಿಡುವಿನಲ್ಲಿ, ಕ್ಲಿನಿಕ್ಕಿನ ಚಿಕ್ಕ ಚರ್ಮದ ಚೀಲ ಹಿಡಿದು ಗ್ಯಾರೇಜಿನ ಕಡೆಗೆ ನಡೆದ. ಗ್ಯಾರೇಜಿನಲ್ಲಿ ಯಾರಿಗೆ ಹಲ್ಲುನೋವು? ಮೇಸ್ತ್ರಿ ಫೋನ್ ಮಾಡಿದರೆ ಅಂಗಳಕ್ಕೆ ಹೋಗಿ ಮಾತಾಡುತ್ತಾನೆ, ನನ್ನನ್ನು ಕಂಡರೆ ಹವಾಮಾನದ ಸುದ್ದಿಗೆ ಇಳಿಯುತ್ತಾನೆ. ಅಮ್ಮನಿಗೆ ಹೇಳಿದರೆ, "ನಿಮಗೆ ಮನೆಗೆ ಬಂದ ಹಾಲಿನವನೂ ವೇಷ ಹಾಕಿದ ಶತ್ರುವೇ" ಎಂದು ನಕ್ಕಳು. ನಗಲಿ. ದೊಡ್ಡ ಟರ್ಬೊ ಬೇರೆ ಯಾರದೋ ಕಾರಿಗೆ ಸೇರುತ್ತದೆ, ನನ್ನ ಮಗಳ ಕಾರಿಗೆ ಯಾವುದೋ ಹಳೆಯದಕ್ಕೆ ಬಣ್ಣ ಬಳಿದು ಕೂರಿಸುತ್ತಾರೆ ಎಂದು ನಾನು ಖಚಿತ ಮಾಡಿಕೊಂಡಿದ್ದೆ.

ಮೊನ್ನೆ ಶುಕ್ರವಾರ ಹಳೆಯ ಪೆಟ್ಟಿಗೆ ತೆಗೆದೆ. ಸನ್ಯಾಸಿಯ ಬಿಳಿಗಡ್ಡ ಅಂಟಿಸಿ, ಕಪ್ಪು ಕನ್ನಡಕ ಹಾಕಿ, ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಒಂದು ಕಾರಿನ ಅಡಿಯಲ್ಲಿ ಮಲಗಿದ್ದ. ಅವನಿಗೆ ಕಂಡದ್ದು ನನ್ನ ಚಪ್ಪಲಿ ಮಾತ್ರ. ಆದರೂ, "ಬನ್ನಿ ಯಜಮಾನ್ರೇ" ಎಂದ. ಮೇಲೆದ್ದು ನೋಡಿ, "ಗಡ್ಡ ಯಾವಾಗ ಬಿಟ್ರಿ? ಬುಧವಾರ ದಾರೀಲಿ ಸಿಕ್ಕಾಗ ಇರ್ಲಿಲ್ವಲ್ಲ" ಎಂದ. ಹೋಗಲಿ, ಚಪ್ಪಲಿಗೆ ವೇಷ ಹಾಕುವುದನ್ನು ನಮ್ಮ ನಾಟಕ ಕಂಪನಿಯಲ್ಲಿ ಯಾರೂ ಕಲಿಸಿರಲಿಲ್ಲ. ಮೇಜಿನ ಮೇಲೆ ನಿನ್ನ ಟರ್ಬೊ ಇತ್ತು, ಕಾರಿಗೆ ಏರಿಸಲು ಸಿದ್ಧವಾಗಿ. ಬಿಲ್ಲೆ ನೋಡಿದೆ: ದೊಡ್ಡದರ ಬಿಲ್ಲೆಯೇ, ನಿನ್ನ ಚೀಟಿಯಲ್ಲಿದ್ದ ಅದೇ ಅಂಕಿ. ಆದರೆ ಮೂಗು ಹತ್ತಿರ ತಂದೆ ನೋಡು, ಎಣ್ಣೆ, ಗ್ರೀಸು, ರಬ್ಬರು ಇವುಗಳ ನಡುವೆ ಘಮ್ಮೆಂದು ಲವಂಗ! ಗ್ಯಾರೇಜಿನಲ್ಲಿ ಲವಂಗವೇ? ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಹೋದ ತಿಂಗಳು ನಿನ್ನ ಗಂಡ ನನ್ನ ದವಡೆಹಲ್ಲಿಗೆ ತಾತ್ಕಾಲಿಕವಾಗಿ ಸಿಮೆಂಟು ತುಂಬಿದ್ದ. ಎರಡು ದಿನ ಬಾಯೆಲ್ಲ ಅದೇ ಲವಂಗ. ಬಿಲ್ಲೆಯ ಅಂಚಿನಲ್ಲಿ ಬೆಳ್ಳಗೆ ಅದೇ ಸಿಮೆಂಟು ಇಣುಕುತ್ತಿತ್ತು. ಮೊಳೆ ಇರಬೇಕಾದ ಜಾಗದಲ್ಲಿ ಹಲ್ಲು ಕೊರೆಯುವ ಸೂಜಿಯಿಂದ ಕೊರೆದ ಎರಡು ಅಂದವಾದ ತೂತು. ಕಿಸೆಯಿಂದ ನಶ್ಯದ ಡಬ್ಬಿ ತೆಗೆದೆ. ಟರ್ಬೊದ ಬಾಯಿಗೆ ಹಿಡಿದೆ. ಇಳಿಯಲಿಲ್ಲ! ಅಂಚಿನ ಮೇಲೆ ಕೂತು ನನ್ನನ್ನೇ ನೋಡಿತು.

ಚಿಕ್ಕ ಟರ್ಬೊ, ಅದಕ್ಕೆ ದೊಡ್ಡದರ ಬಿಲ್ಲೆ. ರಾಜನ ಕಿರೀಟ ತೊಟ್ಟ ದ್ವಾರಪಾಲಕ! ನಾನು ಗರ್ಜಿಸಿದ ರಭಸಕ್ಕೆ ಜೋಡಿಸಿಟ್ಟಿದ್ದ ಟೈರುಗಳು ಮರುದನಿ ಕೊಟ್ಟವು, ಅರ್ಧ ಗಡ್ಡ ಕಳಚಿ ನೇತಾಡಿತು. ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ, "ನಾನು ಮೊದಲೇ ಅಂದೆ ಸಾರ್, ಈ ಹಲ್ಲಿನ ಗಾರೆ ಇಲ್ಲಿ ನಿಲ್ಲಲ್ಲ, ಕಾರು ಎರಡು ಸುತ್ತು ಹೊಡೆಯೋಷ್ಟರಲ್ಲಿ ಬಿಸಿಗೆ ಉದುರುತ್ತೆ ಅಂತ. ಡಾಕ್ಟ್ರು ಕೇಳಲಿಲ್ಲ. ಯಾಕೆ ಅಂತ ಅವರನ್ನೇ ಕೇಳಿ, ನನ್ನ ಬಾಯಿಂದ ಬೇಡ" ಎಂದು ತಲೆ ತಗ್ಗಿಸಿದ. ದೊಡ್ಡದು ಎಲ್ಲಿ ಎಂದೆ. ಬೀರುವಿನಿಂದ ತೆಗೆದು ತೋರಿಸಿದ; ಬಿಲ್ಲೆ ಕಳೆದುಕೊಂಡು ಬೋಳಾಗಿ ಕೂತಿತ್ತು. ಯಾರಿಗೂ ಮಾರಿರಲಿಲ್ಲ. ನನ್ನ ಅರ್ಧ ಅನುಮಾನ ಅಲ್ಲೇ ಸತ್ತಿತು, ಉಳಿದರ್ಧ ಇನ್ನೂ ಕೊಬ್ಬಿತು.

ನೆಟ್ಟಗೆ ಕ್ಲಿನಿಕ್ಕಿಗೆ ನುಗ್ಗಿದೆ. ನಿನ್ನ ಗಂಡ ನನ್ನ ಮುಖ ನೋಡಿದ, ನೇತಾಡುವ ಗಡ್ಡ ನೋಡಿದ, "ಕೂತ್ಕೊಳ್ಳಿ ಮಾವ, ಆ ಹಲ್ಲಿನ ಸಿಮೆಂಟು ಬದಲಾಯಿಸೋದಿತ್ತು" ಎಂದ. ನಾನು, ಸಾವಿರ ಜನರನ್ನು ಗದ್ದರಿಸಿದವನು, ಅಭ್ಯಾಸಬಲದಿಂದ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. ಕೆಟ್ಟೆ! ಎರಡು ಬೆರಳು, ಒಂದು ಕನ್ನಡಿ, ಒಂದು ಹತ್ತಿಯುಂಡೆ ಒಳಗೆ ಹೋದವು. ನನ್ನ ಜನ್ಮದಲ್ಲಿ ಇನ್ನೊಬ್ಬನ ಸಂಭಾಷಣೆಯನ್ನು ನಡುವೆ ಬಾಯಿ ಹಾಕದೆ ಕೇಳಿದ್ದು ಅದೊಂದೇ ಸಲ.

"ನೀವು ಬೈಯೋಕೆ ಮುಂಚೆ ಹೇಳಿಬಿಡ್ತೀನಿ ಮಾವ" ಎಂದ. "ಅವಳ ಭುಜ ಹಡಗಿನ ಏಣಿಯಿಂದ ಮುರಿದಿದ್ದಲ್ಲ. ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಮುರಿದಿದ್ದು. ಕಾಲು ಒತ್ತಿದಾಗ ಕಾರು ಸುಮ್ನಿತ್ತು, ತಿರುವಿನ ಮಧ್ಯದಲ್ಲಿ ಒಮ್ಮೆಗೇ ಅಷ್ಟೂ ಬಲ ಬಂತು, ಹಿಂಬದಿ ಕಿತ್ಕೊಂಡು ಹೋಗಿ ಗೋಡೆಗೆ ಬಡೀತು. ಬಾಗಿಲು ತೆಗೆದು ಅವಳನ್ನ ಎತ್ತಿಕೊಂಡಿದ್ದು ನಾನು. ಈಗ ಇನ್ನೂ ತಡವಾಗಿ ಏಳೋದನ್ನೇ ಕೇಳ್ತಿದಾಳೆ. ಬೇಡ ಅಂದ್ರೆ ನನ್ನ ಮಾತು ಕೇಳ್ತಾಳಾ? ನಿಮ್ಮ ಮಗಳು." ಇಟ್ಟ ಹತ್ತಿಯುಂಡೆಯನ್ನೇ ಅವನು ತೆಗೆದು ತೆಗೆದು ಮತ್ತೆ ಇಡುತ್ತಿದ್ದ ಮಗಳೇ. ಹಲ್ಲಿನ ಡಾಕ್ಟರು ಹತ್ತಿಯ ಲೆಕ್ಕ ತಪ್ಪಿದರೆ ಬಾಯಿ ತೆರೆದು ಕೂತವನಿಗೆ ಅದು ಸುಳ್ಳು ಹೇಳುವುದಿಲ್ಲ. ಕೊನೆಗೆ, "ಅವಳಿಗೆ ಹೇಳಲ್ಲ ಅಲ್ವಾ?" ಎಂದ. ನಾನು "ಆ" ಎಂದೆ. ಬಾಯಿ ತೆರೆದವನ ಬಾಯಿಂದ "ಆ" ಅಲ್ಲದೆ ಇನ್ನೇನು ಬರುತ್ತದೆ? ಅದು ಒಪ್ಪಿಗೆಯಲ್ಲ ಎಂದು ನಾನು ತೀರ್ಮಾನಿಸಿದ್ದೇನೆ.

ಈಗ ನನ್ನ ಅನುಮಾನದ ದೀಪ ನಿನ್ನ ಕಡೆ ತಿರುಗಿದೆ. ಏಣಿ! ಆರು ವಾರ ನಿನಗೆ ಚಮಚದಲ್ಲಿ ಉಣಿಸುತ್ತ ನಾನು ಆ ಏಣಿಗೆ ಹಾಕಿದ ಶಾಪ ಎಷ್ಟು! ನಿನ್ನ ಕಂಪನಿಗೆ ಮೂರು ಪುಟದ ಕಾಗದ ಬರೆದೆ. ನಮ್ಮ ಹಡಗುಗಳ ಏಣಿಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಅವರು ಮರ್ಯಾದೆಯಾಗಿ ಉತ್ತರಿಸಿದರೆ, ಕಳ್ಳರು ಎಂದು ಹರಿದು ಎಸೆದೆ. ಪಾಪ, ನಿಜ ಹೇಳಿದವರು ಅವರೊಬ್ಬರೇ! ಜಾರಿದ್ದು ಹೇಗೆ ಎಂದು ಒಂದೇ ಕೈಯಲ್ಲಿ ನಟಿಸಿ ತೋರಿಸಿದೆಯಲ್ಲ ನನಗೆ, ಕೊನೆಯಲ್ಲಿ ಒಂದು ಹನಿ ಕಣ್ಣೀರಿನ ಸಮೇತ? ನಟನೆ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ನೋವು.

ಇಷ್ಟು ಮಾಡಿದ್ದೇನೆ: ನಿನ್ನೆ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಎರಡೂ ಬಿಲ್ಲೆಗಳನ್ನು ಅವುಗಳ ಒಡೆಯರಿಗೆ ಮರಳಿಸಿ, ಕಬ್ಬಿಣದ ಮೊಳೆ ಹೊಡೆಸಿದೆ. ಕಾರಿಗೆ ಯಾವುದನ್ನೂ ಏರಿಸಬೇಡ ಎಂದಿದ್ದೇನೆ. ಆಯ್ಕೆ ನಿನ್ನದು, ಕಾರು ನಿನ್ನದು, ಭುಜವೂ ನಿನ್ನದೇ. ಗಂಡನನ್ನು ಬೈಯುವುದಾದರೆ ಮೆಲ್ಲಗೆ ಬೈಯಿ. ಸಂಚಿನಲ್ಲಿ ಅವನಷ್ಟು ದಡ್ಡನನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ.

ಅಮ್ಮ ನಿನಗೆ ಎರಡು ಜೊತೆ ಕಾಲುಚೀಲ ಹೆಣೆದಿದ್ದಾಳೆ, ಒಂದು ಸ್ವಲ್ಪ ಉದ್ದವಾಗಿದೆಯಂತೆ. ಸಮುದ್ರ ನಿನ್ನನ್ನು ಅಲ್ಲಾಡಿಸದಿರಲಿ, ಎಂಜಿನ್ ನಿನ್ನ ಮಾತು ಕೇಳಲಿ, ನೂರು ಕಾಲ ಗಟ್ಟಿಯಾಗಿ ಬಾಳು.

ಇಂತಿ,
ಚಪ್ಪಲಿಯಿಂದ ಸಿಕ್ಕಿಬಿದ್ದರೂ ಒಪ್ಪಿಕೊಳ್ಳದ
ನಿನ್ನ ಅಪ್ಪ

ಮರೆತಿದ್ದು: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಬೇಗ ಬರೆದುಬಿಡುತ್ತೇನೆ. ನಿನ್ನ ಅಮ್ಮನ ಕಾಲು ಮೆಟ್ಟಿಲಿನಿಂದ ಮುರಿದದ್ದಲ್ಲ. ನಮ್ಮ ಕಂಪನಿಯಲ್ಲಿ ಅವಳು ರಾಜಕುಮಾರಿ, ನಾನು ಸೇನಾಪತಿ. ನಗಾರಿಯ ಮೂರನೆಯ ಪೆಟ್ಟಿಗೆ ನಾನು ರಂಗಕ್ಕೆ ಬರಬೇಕು. ಜನ ಕಾಯಲಿ, ಚಪ್ಪಾಳೆ ಜೋರಾಗಲಿ ಎಂದು ನಾಲ್ಕನೆಯದನ್ನೂ ಬಿಟ್ಟೆ, ಐದನೆಯದನ್ನೂ ಬಿಟ್ಟೆ. ಆಮೇಲೆ ತಡವಾಯಿತೆಂದು ಓಡಿ ಬಂದು ಹಾರಿದೆ. ಅರಮನೆಯ ಮರದ ಉಪ್ಪರಿಗೆಗೆ ನನ್ನ ಭುಜ ಬಡಿದು, ಅದರ ಕಂಬ ಕೆಳಗೆ ನಿಂತಿದ್ದವಳ ಕಾಲಿನ ಮೇಲೆ ಬಿತ್ತು. ಅವಳು ಮತ್ತೆ ರಂಗ ಹತ್ತಲಿಲ್ಲ. ನಿನಗೆ ಮೆಟ್ಟಿಲು ಎಂದು ಹೇಳಿದವನು ನಾನು. ತಡವಾಗಿ, ಒಮ್ಮೆಗೇ ಬರುವ ಬಲ ಎಲ್ಲಿ ಬೀಳುತ್ತದೆಂದು ಹೇಳಲು ನನಗೆ ಮೇಸ್ತ್ರಿ ಬೇಕಿಲ್ಲ. ಯಾವ ಟರ್ಬೊ ಎಂದು ಮೇಸ್ತ್ರಿಗೆ ನೀನೇ ಫೋನ್ ಮಾಡು, ನನಗೆ ಹೇಳಬೇಡ. ಭುಜದ ವಿಷಯ ಅಮ್ಮನಿಗೆ ನಾನು ಹೇಳಿಲ್ಲ. ಇದನ್ನು ಬರೆಯುತ್ತಿದ್ದಂತೆ ಅವಳು ಕುಂಟುತ್ತ ಬಾಗಿಲಿಗೆ ಬಂದು, "ಏಣಿ ವಿಷಯ ಬರೀತಿದೀರಾ?" ಎಂದಳು. ನಿನಗೆ ಹೇಗೆ ಗೊತ್ತೇ ಎಂದೆ. "ಅವಳು ಏಣಿ ಅಂದ ದಿನವೇ ಗೊತ್ತಾಯ್ತು. ನಮ್ಮ ಮೆಟ್ಟಿಲಿನ ಮಗಳೇ ಅಲ್ವೇನ್ರೀ ಆ ಏಣಿ?" ಎಂದು, ಕವರಿಗೆ ಅಂಟು ಕೊಟ್ಟು ಹೋದಳು.